ಬೆಳ್ಳಿಯ ಮಂಡಿಯ ಸುತ್ತಳತೆ

ಮಾಜಿವಾಡಾ, ಠಾಣೆ
12 ಮೇ 2024

ಅಕ್ಕನಿಗೆ ವಸಂತನ ನಮಸ್ಕಾರ.

ಫೋನಿನಲ್ಲಿ ನಿನಗೆ ಕೇಳಿಸುವುದಿಲ್ಲ. ವಾಟ್ಸಾಪಿನಲ್ಲಿ ಬರೆದರೆ ನಾನು ಹೆಬ್ಬೆರಳಿನ ಚಿತ್ರ ಹಾಕಿ ಜಾರಿಕೊಳ್ಳುತ್ತೇನೆ ಎಂದು ನಿನ್ನ ದೂರು. ಆದ್ದರಿಂದ ಇಗೋ, ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕೂತು, ಊಟದ ಗಿರಾಕಿಗಳು ಬರುವ ಮೊದಲು, ಕೈಯಾರೆ ಬರೆಯುತ್ತಿದ್ದೇನೆ. ಶಾಲೆ ಬಿಟ್ಟ ಮೇಲೆ ಇಷ್ಟುದ್ದ ಕನ್ನಡ ಬರೆದದ್ದು ಇದೇ ಮೊದಲು. ತಪ್ಪಿದ್ದರೆ ಕೆಂಪು ಶಾಯಿ ಹಾಕಬೇಡ.

ಸುದ್ದಿ ಏನೆಂದರೆ ನಾನು ಕುದುರೆ ಸಾಕಿದ್ದೇನೆ. ಹೆಣ್ಣುಮರಿ, ಹದಿನಾಲ್ಕು ತಿಂಗಳು, ಹುಟ್ಟುವಾಗಲೇ ಬಿಳಿ. ಹೆಸರು ಬೆಳ್ಳಿ. ಶಹಾಡ್ ಸ್ಟೇಷನ್ನಿನ ಆಚೆ, ಕಾರ್ಖಾನೆಗಳ ಹಿಂದೆ ಒಂದು ಶೆಡ್ ಹಿಡಿದಿದ್ದೇನೆ. ನೋಡಿಕೊಳ್ಳಲು ಅಥಣಿ ಕಡೆಯ ಶಂಕ್ರೆಪ್ಪ ಇದ್ದಾನೆ. ಅವನ ಅಪ್ಪ, ಅಜ್ಜ ಇಬ್ಬರೂ ಟಾಂಗಾ ಓಡಿಸಿದವರು. ನಾನು ಭಾನುವಾರ ಭಾನುವಾರ ಹೋಗಿ ನೋಡಿ ಬರುತ್ತೇನೆ.

ಸಾಕುವುದು ಹೇಗೆಂದು ನನಗೆ ಯಾರೂ ಕಲಿಸಬೇಕಾಗಿಲ್ಲ. ಸೋದರಮಾವನ ಕಂಬಳದ ಕೋಣಗಳನ್ನು ನೋಡಿಯೇ ಬೆಳೆದವನು ನಾನು. ಬೆಳಗ್ಗೆ ಎರಡು ಕಿಲೋ ಬೇಯಿಸಿದ ಹುರುಳಿ, ಸಂಜೆ ಎರಡು ಕಿಲೋ, ಮೇಲೆ ಗೋಧಿ ಬೂಸಾ, ಬೆಲ್ಲ. ದಿನ ಬಿಟ್ಟು ದಿನ ತೆಂಗಿನೆಣ್ಣೆ ತಿಕ್ಕಿ ಬಿಸಿನೀರಿನ ಸ್ನಾನ. ಸಿಮೆಂಟಿನ ನೆಲ ನಮ್ಮ ಅಡುಗೆಮನೆಗಿಂತ ಚೊಕ್ಕವಾಗಿದೆ. ಓಡಾಡಿ ಮೈ ಕರಗದಿರಲಿ ಎಂದು ಹಗಲಿಡೀ ಕಟ್ಟಿಯೇ ಇಡುತ್ತೇವೆ. ಮೈ ಕನ್ನಡಿಯ ಹಾಗೆ ಹೊಳೆಯುತ್ತದೆ, ಅಕ್ಕ.

ಒಂದೇ ಒಂದು ಸಣ್ಣ ವಿಷಯ. ಮುಂಗಾಲುಗಳ ಮಂಡಿ, ಅದರ ಮೇಲ್ಭಾಗ ಸ್ವಲ್ಪ ದಪ್ಪವಾಗಿದೆ. ಮುಟ್ಟಿದರೆ ಬೆಚ್ಚಗಿದೆ. ಬೆಳಗ್ಗೆ ಏಳುವಾಗ ಕಾಲು ಬಿಗಿ ಹಿಡಿದವಳಂತೆ ನಡೆಯುತ್ತಾಳೆ, ಆಮೇಲೆ ಸರಿಯಾಗುತ್ತದೆ. ಎಲುಬು ಬಲಿಯುತ್ತಿರುವ ಲಕ್ಷಣ ಅಂತ ನನ್ನ ಅಂದಾಜು. ಶಂಕ್ರೆಪ್ಪ ಮಾತ್ರ ಮುಖ ಸಿಂಡರಿಸಿ "ಧಣ್ಯಾರ, ಇದು ಛಲೋ ಲಕ್ಷಣ ಅಲ್ರಿ" ಎನ್ನುತ್ತಾನೆ. ನೀನು ಮೂವತ್ತೆರಡು ವರ್ಷ ಸರಕಾರದಲ್ಲಿ ಪಶುವೈದ್ಯೆಯಾಗಿದ್ದವಳು. ಯಾವ ಎಣ್ಣೆ ಹಚ್ಚಬೇಕು, ಬರೆ.

ನಿನ್ನ ನಾದಿನಿ ಚಂಪಾ ನಿನ್ನನ್ನು ಕೇಳಿದ್ದಾಳೆ.

ವಸಂತಕುಮಾರ


ಧಾರವಾಡ
18 ಮೇ 2024

ವಸಂತ,

ಎಣ್ಣೆಯನ್ನು ನಿನ್ನ ತಲೆಗೆ ತಿಕ್ಕಿಕೋ. ಸ್ವಲ್ಪ ತಂಪಾದರೂ ಆದೀತು.

ನಿನ್ನ ಪತ್ರ ಓದಿ ನನಗೆ ನಗು ಬರಲಿಲ್ಲ, ಹೇಸಿಗೆ ಬಂತು. ಕುದುರೆಮರಿಯನ್ನು ಕೋಣದ ಹಾಗೆ ಸಾಕುತ್ತಿದ್ದೇನೆ ಎಂದು ಎದೆಯುಬ್ಬಿಸಿ ಬರೆಯುತ್ತೀಯಲ್ಲ! ಮಾವನ ಕೋಣಗಳು ಬೆಳೆದು ನಿಂತ ಪ್ರಾಣಿಗಳು, ಕೆಸರಿನಲ್ಲಿ ಓಡಿದವು. ಇದು ತಾಯಿಯ ಹಾಲು ಬಿಟ್ಟು ವರ್ಷವಾಗದ ಕೂಸು, ಸಿಮೆಂಟಿನ ಮೇಲೆ ನಿಂತಿದೆ.

ಎಳೆ ಕುದುರೆಯ ಕಾಲಿನ ಉದ್ದೆಲುಬಿನ ತುದಿಯಲ್ಲಿ, ಕೀಲಿಗೆ ತುಸು ಮೇಲೆ, ಮೆತ್ತನೆಯ ಪದರವೊಂದಿರುತ್ತದೆ. ಎಲುಬು ಉದ್ದವಾಗುವುದು ಅಲ್ಲಿಂದ. ಕಾಳು ತಿನ್ನಿಸಿ ತಿನ್ನಿಸಿ ಬೇಗ ತೂಕ ಏರಿಸಿದರೆ ಆ ಪದರ ಗಟ್ಟಿಯಾಗುವ ಮೊದಲೇ ಭಾರ ಹೊರಬೇಕಾಗುತ್ತದೆ. ಆಗ ಅದು ಉರಿಯುತ್ತದೆ, ಊದುತ್ತದೆ, ಮಂಡಿ ಡಮರುವಿನ ಆಕಾರಕ್ಕೆ ಬರುತ್ತದೆ. ನೀನು ಬಲ ಎಂದುಕೊಂಡದ್ದು ನೋವು, ವಸಂತ. ಈಗಲೇ ಎಚ್ಚೆತ್ತರೆ ಬಹುಮಟ್ಟಿಗೆ ಇಳಿಯುತ್ತದೆ. ಇಲ್ಲದಿದ್ದರೆ ಕಾಲು ಸೊಟ್ಟಗೆ ಬೆಳೆದು ಸೊಟ್ಟಗೇ ಉಳಿಯುತ್ತದೆ.

ಬೂಸಾ ಇಂದೇ ನಿಲ್ಲಿಸು. ಅದರಲ್ಲಿ ರಂಜಕ ಹೆಚ್ಚು, ಮೇವಿನ ಸುಣ್ಣದಂಶ ಎಲುಬಿಗೆ ಸೇರಲು ಬಿಡುವುದಿಲ್ಲ. ಹುರುಳಿಯನ್ನು ಹತ್ತು ದಿನದಲ್ಲಿ ಇಳಿಸುತ್ತ ಇಡೀ ದಿನಕ್ಕೆ ಅರ್ಧ ಕಿಲೋಗೆ ತಾ. ಬೆಲ್ಲ ಬೇಡ. ಹೊಟ್ಟೆ ತುಂಬಬೇಕಾದ್ದು ಒಳ್ಳೆಯ ಒಣಹುಲ್ಲಿನಿಂದ. ಅಲ್ಲಿಯ ಕುದುರೆ ಡಾಕ್ಟರರನ್ನು ಕರೆಸಿ ಎಕ್ಸ್‌ರೇ ತೆಗೆಸು. ಖನಿಜದ ಪುಡಿ ಎಷ್ಟೆಂದು ಅವರೇ ಹೇಳಲಿ, ಸುಣ್ಣ ಒಳ್ಳೆಯದೆಂದು ನೀನು ಮುಷ್ಟಿಗಟ್ಟಲೆ ಸುರಿಯಬೇಡ. ಮೆತ್ತನೆಯ ಮಣ್ಣಿರುವ ಸಣ್ಣ ಅಂಗಳದಲ್ಲಿ ಅದು ತಾನಾಗಿ ಅಡ್ಡಾಡಲಿ, ಓಡಿಸಬೇಡ. ನಾಲ್ಕು ವಾರಕ್ಕೊಮ್ಮೆ ಗೊರಸು ಕೊರೆಸಿ ಸಮ ಮಾಡಿಸು, ಲಾಳ ಬೇಡ. ಟೇಪು ಕೊಂಡು ಪ್ರತಿ ಭಾನುವಾರ ಎದೆಯ ಸುತ್ತಳತೆ, ಎರಡು ಮಂಡಿಗಳ ಸುತ್ತಳತೆ ಬರೆದಿಡು. ಅಳತೆ ನನಗೆ ಕಳುಹಿಸು, ಹೊಗಳಿಕೆ ಬೇಡ.

ಅಷ್ಟುದ್ದ ಬರೆದವನು ಕುದುರೆ ಯಾಕೆ ತಂದೆ ಎಂದು ಮಾತ್ರ ಬರೆದಿಲ್ಲ. ಅದನ್ನೂ ಬರೆ.

ನಳಿನಾಕ್ಷಿ


ಮಾಜಿವಾಡಾ
9 ಜೂನ್ 2024

ಅಕ್ಕನಿಗೆ,

ಬೈದದ್ದು ಸಾಕು. ನೀನು ಹೇಳಿದ್ದನ್ನೆಲ್ಲ ಮಾಡಿದ್ದೇನೆ, ಸ್ವಲ್ಪ ನನ್ನ ಅಂದಾಜಿನಲ್ಲಿ. ಬೂಸಾ ಕಮ್ಮಿ ಮಾಡಿದೆ. ಹುರುಳಿ ಒಂದೊಂದು ಹೊತ್ತಿಗೆ ಒಂದೂವರೆ ಕಿಲೋಗೆ ಇಳಿಸಿದೆ. ದಿನಕ್ಕೆ ಅರ್ಧ ಕಿಲೋ ಎಂದರೆ ನಮ್ಮ ಹೋಟೆಲಿನ ಬೆಕ್ಕೂ ಅದಕ್ಕಿಂತ ಹೆಚ್ಚು ತಿನ್ನುತ್ತದೆ. ನಿನ್ನದು ಸರಕಾರಿ ಆಸ್ಪತ್ರೆಯ ಕೈ, ಚಿಮುಕಿಸಿ ಕೊಟ್ಟು ರೂಢಿ. ಹುಲ್ಲು ಜಾಸ್ತಿಯಾದರೆ ಹೊಟ್ಟೆ ಜೋಲುತ್ತದೆ, ನೋಡಲು ಚೆಂದವಿರುವುದಿಲ್ಲ. ಅದಕ್ಕೆ ಹುಲ್ಲನ್ನೂ ಸ್ವಲ್ಪ ಕಡಿಮೆ ಮಾಡಿದೆ.

ಯಾಕೆ ತಂದೆ ಎಂದು ಕೇಳಿದೆಯಲ್ಲ. ಹೋದ ಫೆಬ್ರವರಿಯಲ್ಲಿ ನಮ್ಮ ಹೋಟೆಲಿನ ಮೇಲಿನ ಹಾಲ್‌ಗೆ ಒಂದು ಬರಾತ್ ಬಂತು, ಮದುವೆಯ ಮೆರವಣಿಗೆ. ಬಾಡಿಗೆಯ ಹೆಣ್ಣು ಕುದುರೆ, ಮೇಲೆ ಜರಿಯ ಬಟ್ಟೆ, ಅದರ ಮೇಲೆ ಮದುಮಗ. ಹೈವೇಯ ಸರ್ವೀಸ್ ರೋಡಿನಲ್ಲಿ, ನಮ್ಮ ಬಾಗಿಲ ಎದುರಿಗೇ ಅದು ಕುಸಿದು ಕೂತಿತು. ಬಟ್ಟೆ ಎತ್ತಿದಾಗ ಬೆನ್ನ ಮೇಲೆ ಅಂಗೈಯಗಲದ ಹುಣ್ಣು. ಬಿಳಿ ಕಾಣಲಿ ಎಂದು ಹುಣ್ಣಿನ ಮೇಲೆ ಸುಣ್ಣ ಬಳಿದಿದ್ದರು, ಅಕ್ಕ. ಸುಣ್ಣ, ಕೀವು, ನೊಣ. ಆ ದಿನ ನನಗೆ ಊಟ ಸೇರಲಿಲ್ಲ. ನನ್ನ ಮಗ ಇಂಥದ್ದರ ಮೇಲೆ ಕೂರುವುದು ಬೇಡ, ನಮ್ಮದೇ ಕುದುರೆ, ನಾವೇ ಪ್ರೀತಿಯಿಂದ ಸಾಕಿದ್ದು ಇರಲಿ ಎಂದು ಅವತ್ತೇ ನಿಶ್ಚಯಿಸಿದೆ.

ಹೌದು, ಡಿಸೆಂಬರ್ ಐದಕ್ಕೆ ಸುಜನನ ಮದುವೆ. ಹುಡುಗಿ ಅನುಷ್ಕಾ, ಡೊಂಬಿವಲಿಯ ಹುಡುಗಿ, ಅವಳ ಅಪ್ಪ ಉಡುಪಿಯವರು. ಸುಜನ ಬೇಲಾಪುರದ ಆಫೀಸಿನಲ್ಲಿ ಎಲ್ಲರಿಗೂ ಹೇಳಿಟ್ಟಿದ್ದಾನಂತೆ. "ಪಪ್ಪಾ, ಅಪ್ನಾ ಖುದ್ ಕಾ ಘೋಡಾ! ಎಂಟ್ರಿ ಏಕ್‌ದಮ್ ಝಕಾಸ್ ಹೋನಾ ಚಾಹಿಯೇ" ಎನ್ನುತ್ತಾನೆ. ನಮ್ಮದೇ ಕುದುರೆ, ಪ್ರವೇಶ ಭರ್ಜರಿಯಾಗಿರಬೇಕಂತೆ. ಸೋದರತ್ತೆ ನೀನು, ನಾಲ್ಕು ದಿನ ಮೊದಲೇ ಬಂದುಬಿಡು.

ವಸಂತ


ಧಾರವಾಡ
15 ಜೂನ್ 2024

ವಸಂತ,

ಆ ಹುಣ್ಣಿನ ಕುದುರೆಯ ಕಥೆ ಓದುವಾಗ, ಪರವಾಗಿಲ್ಲ, ನನ್ನ ತಮ್ಮನಿಗೂ ಕರುಳಿದೆ ಎಂದುಕೊಂಡೆ. ಮುಂದಿನ ಸಾಲಿಗೇ ಅದು ಮುಗಿಯಿತು.

ನಮ್ಮಲ್ಲಿ ಯಾವ ಮದುಮಗ ಕುದುರೆ ಹತ್ತಿದ್ದಾನೆ, ಹೇಳು ನೋಡೋಣ. ಅಪ್ಪ ನಡೆದುಕೊಂಡು ಬಂದದ್ದಂತೆ. ನೀನು ಬಾಡಿಗೆಯ ಅಂಬಾಸಿಡರ್‌ನಲ್ಲಿ ಬಂದೆ, ದಾರಿಯಲ್ಲಿ ವಾಂತಿ ಮಾಡಿಕೊಂಡು. ಮುಂಬಯಿಯವರ ಸಿನಿಮಾ ಮದುವೆ ನೋಡಿ ನೋಡಿ ಈಗ ನಮ್ಮ ಸುಜನನಿಗೂ ಕುದುರೆ ಬೇಕಾಯಿತೇ? ಅವನ ತೂಕ ಎಷ್ಟು? ಹೋದ ವರ್ಷ ಇಲ್ಲಿ ಬಂದಾಗ ನನ್ನ ಬೆತ್ತದ ಕುರ್ಚಿ ಮುರಿದು ಹೋದದ್ದು ಮರೆತಿಲ್ಲ.

ಡಿಸೆಂಬರಿಗೆ ಬೆಳ್ಳಿಗೆ ಇಪ್ಪತ್ತೊಂದು ತಿಂಗಳು. ಮಂಡಿಯ ಆ ಪದರ ಮುಚ್ಚಿಕೊಳ್ಳಲು ಎರಡೂವರೆ ವರ್ಷ ಹಿಡಿಯುತ್ತದೆ. ಆರೋಗ್ಯವಾದ ಕುದುರೆಯ ಮೇಲೂ ಮೂರು ತುಂಬುವವರೆಗೆ ಆಳು ಕೂರಿಸುವಂತಿಲ್ಲ. ಊದಿದ ಕಾಲಿನ ಕೂಸಿನ ಮೇಲೆ ನಿನ್ನ ಮಗನನ್ನು ಕೂರಿಸುವುದು, ಸುಣ್ಣ ಬಳಿದವರು ಮಾಡಿದ ಕೆಲಸವೇ. ನಿನ್ನದು ಹುರುಳಿ ಹಾಕಿ ಮಾಡಿದ್ದು, ಅಷ್ಟೇ ವ್ಯತ್ಯಾಸ.

ಹುಲ್ಲು ಕಡಿಮೆ ಮಾಡಿ ಕಾಳು ಉಳಿಸಿದ್ದೀಯಲ್ಲ, ನಾನು ಹೇಳಿದ್ದನ್ನು ಸರಿಯಾಗಿ ತಿರುಗಿಸಿ ಮಾಡಿದ್ದೀಯ. ಎಕ್ಸ್‌ರೇ ಎಲ್ಲಿ? ಅಳತೆ ಎಲ್ಲಿ?

ಮದುವೆಗೆ ಬರುವ ವಿಷಯ ಅಳತೆ ನೋಡಿದ ಮೇಲೆ.

ನಳಿನಾಕ್ಷಿ


ಮಾಜಿವಾಡಾ
28 ಜುಲೈ 2024

ಅಕ್ಕನಿಗೆ,

ಇಲ್ಲಿ ಮಳೆ ಎಂದರೆ ಮಳೆ. ಮೂರು ದಿನ ಕಲ್ಯಾಣದ ರೈಲುಗಾಡಿಗಳೇ ಸರಿಯಾಗಿ ಓಡಲಿಲ್ಲ. ಆದರೂ ನಾನು ಭಾನುವಾರ ತಪ್ಪಿಸಿಲ್ಲ. ನೀನು ಕೇಳಿದ ಅಳತೆ ಇಗೋ. ಜೂನ್ ಹದಿನಾರರಿಂದ ಇವತ್ತಿನವರೆಗೆ ಏಳು ಭಾನುವಾರ: ಎದೆ 142, ಎಡಮಂಡಿ 29, ಬಲಮಂಡಿ 29 ಸೆಂಟಿಮೀಟರ್. ಏಳು ವಾರವೂ ಅಷ್ಟೇ, ಒಂದಿಷ್ಟೂ ಹೆಚ್ಚಿಲ್ಲ. ಊತ ನಿಂತಿತಲ್ಲ! ನಿನ್ನ ಮಾತು ಕೇಳಿದ್ದಕ್ಕೆ ಫಲ ಸಿಕ್ಕಿತು.

ಎಕ್ಸ್‌ರೇಯವನು ಮಳೆ ನಿಂತ ಮೇಲೆ ಬರುತ್ತಾನಂತೆ. ಅಷ್ಟರಲ್ಲಿ ಬೆಳ್ಳಿಗೆ ಬೇಸರ ಬರಬಾರದೆಂದು ಸ್ವಲ್ಪ ತಾಳ ಕಲಿಸುತ್ತಿದ್ದೇವೆ. ಬಹಳ ಚುರುಕು. ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಗುವುದರಲ್ಲಿದೆ, ನಿನ್ನ ಹೆಸರನ್ನು ಮೊದಲಿಗೇ ಹಾಕಿಸಿದ್ದೇನೆ.

ವಸಂತ


ಧಾರವಾಡ
9 ಸೆಪ್ಟೆಂಬರ್ 2024

ವಸಂತ,

ನಿನ್ನ ಪತ್ರಕ್ಕೆ ಆರು ವಾರ ಉತ್ತರ ಬರೆಯಲಿಲ್ಲ. ಸುಳ್ಳಿಗೆ ಏನೆಂದು ಉತ್ತರಿಸಲಿ? ಬೆಳೆಯುವ ಕುದುರೆಯ ಎದೆ ಏಳು ವಾರ 142ರಲ್ಲೇ ನಿಲ್ಲುವುದಿಲ್ಲ. ಗೋಡೆಯನ್ನು ಅಳೆದಿದ್ದರೂ ಒಂದು ವಾರ ಕೈ ತಪ್ಪಿ 141 ಬರುತ್ತಿತ್ತು. ನೀನು ಒಮ್ಮೆಯೂ ಅಳೆದಿಲ್ಲ. ಟೇಪು ಕೊಂಡಿದ್ದೀಯೋ ಇಲ್ಲವೋ ಎಂಬುದೇ ನನ್ನ ಅನುಮಾನವಾಗಿತ್ತು.

ಮೊನ್ನೆ ಒಂದು ಕಾರ್ಡು ಬಂತು. ನೀನು ಶೆಡ್ಡಿನಲ್ಲಿ ಬಿಟ್ಟುಹೋದ ನನ್ನ ಲಕೋಟೆಯ ಹಿಂದಿನ ವಿಳಾಸ ನೋಡಿ ಶಂಕ್ರೆಪ್ಪ ಬರೆದದ್ದು. ಅವನು ಬರೆದ ಹಾಗೆಯೇ ಇಲ್ಲಿ ಇಳಿಸುತ್ತೇನೆ, ಓದು.

"ಅಕ್ಕಾರಿಗೆ ಶರಣು. ಟೇಪು ಧಣ್ಯಾರ ಕಾರಿನ್ಯಾಗ ಐತ್ರಿ, ಕವರ್ ಸೈತ ಹರಿದಿಲ್ಲ. ಬೂಸಾ ನಿಂತಿಲ್ಲ. ಈಗ ದಿನಾ ಸಂಜಿಕೆ ಡೋಲು ಬಾರಿಸವ ಬರ್ತಾನ. ಸಿಮೆಂಟಿನ ಮ್ಯಾಲ ಕೂಸಿನ ಕಾಲು ಎತ್ತಿ ಎತ್ತಿ ಕುಣಸ್ತಾರ. ಎತ್ತಲಿಲ್ಲಂದ್ರ ಮಂಡಿಗೆ ಕೋಲಿಲೆ ತಟ್ಟತಾರ. ಎಡಗಾಲು ಒಳಗ ಬಾಗಾಕತ್ತೈತ್ರಿ. ನಾ ಬ್ಯಾಡ ಅಂದ್ರ ಕೆಲಸಾ ಬಿಡು ಅಂತಾರ. ನಾ ಬಿಟ್ರ ಇದರ ಹತ್ರ ಯಾರೂ ಇರಂಗಿಲ್ಲ, ಅದಕ್ಕ ಬಾಯಿ ಮುಚಿಗೊಂಡು ಅದೀನಿ. ತಾವು ಏನರೆ ಮಾಡ್ರಿ."

ಇದಕ್ಕೆ ನೀನು ತಾಳ ಎಂದು ಹೆಸರಿಟ್ಟೆ. ಬೇಸರ ಬರಬಾರದೆಂದು! ಊದಿದ ಮಂಡಿಗೆ ಕೋಲು ತಟ್ಟಿಸಿ ಬಂದು, ಅದೇ ಕೈಯಲ್ಲಿ ನನ್ನ ಹೆಸರನ್ನು ಆಮಂತ್ರಣಕ್ಕೆ ಬರೆದುಕೊಟ್ಟೆ. ಥೂ. ನನ್ನ ಹೆಸರು ತೆಗೆಸು.

ಡೋಲಿನವನನ್ನು ನಾಳೆಯಿಂದ ಬರದಂತೆ ಮಾಡು. ಶಂಕ್ರೆಪ್ಪನನ್ನು ಕೆಲಸದಿಂದ ತೆಗೆದೆಯೋ, ನಾನು ನಿನ್ನ ಅಕ್ಕನೇ ಅಲ್ಲ.

ನಳಿನಾಕ್ಷಿ


ಮಾಜಿವಾಡಾ
3 ಅಕ್ಟೋಬರ್ 2024

ಅಕ್ಕನಿಗೆ,

ಶಂಕ್ರೆಪ್ಪನನ್ನು ತೆಗೆದಿಲ್ಲ. ಬೈದೆ, ಅಷ್ಟೇ. ನನ್ನ ಅನ್ನ ತಿಂದು ನನ್ನ ಮೇಲೆಯೇ ಕಾರ್ಡು ಬರೆಯುತ್ತಾನೆ. ಟೇಪಿನ ವಿಷಯ ನಿಜ, ಒಪ್ಪಿದೆ. ಅಳೆದರೆ ಏನು ಬರುತ್ತದೋ ಎಂದು ಅಳೆಯಲಿಲ್ಲ.

ಎಕ್ಸ್‌ರೇ ಆಯಿತು. ಡಾಕ್ಟರು ಫಿಲ್ಮನ್ನು ಕಿಟಕಿಗೆ ಹಿಡಿದು ನೋಡಿ, ಹುರುಳಿ ಕಡಿಮೆ ಮಾಡಿ, ಮಣ್ಣಿನ ನೆಲಕ್ಕೆ ಬಿಡಿ, ಸವಾರಿ ಬೇಡ ಎಂದರು. ನೀನೇ ಅವರಿಗೆ ಬರೆದುಕೊಟ್ಟ ಹಾಗಿತ್ತು. ಆದರೆ ಅಕ್ಕ, ಈಗ ಹಿಂದೆ ಸರಿಯುವುದು ಹೇಗೆ? ಡೊಂಬಿವಲಿಯ ಬೀಗರಿಗೆ ಹೇಳಿಯಾಗಿದೆ. ವೀಡಿಯೋದವರು ಶಹಾಡ್‌ಗೆ ಬಂದು ಬೆಳ್ಳಿಯ ಜೊತೆ ಸುಜನನ ಫೋಟೋ ತೆಗೆದು ಆಮಂತ್ರಣದಲ್ಲಿ ಹಾಕಿದ್ದಾರೆ. ಬರಿಯ ನಾನೂರು ಮೀಟರ್, ಹೈವೇಯ ತಿರುವಿನಿಂದ ಹಾಲ್‌ವರೆಗೆ. ಹತ್ತು ನಿಮಿಷದ ಮಾತು. ಆಮೇಲೆ ಅವಳು ಜೀವನವಿಡೀ ಹುಲ್ಲು ತಿಂದುಕೊಂಡು ಇರಲಿ, ನಾನು ಸಾಕುತ್ತೇನೆ.

ಈಗ ನಿನ್ನಿಂದ ಒಂದು ಉಪಕಾರ ಆಗಬೇಕು. ಮೆರವಣಿಗೆಗೆ ಪ್ರಾಣಿ ತರುವುದಾದರೆ ಪಶುವೈದ್ಯರ ಕಾಗದ ಬೇಕು ಎನ್ನುತ್ತಾರೆ. ಈ ಡಾಕ್ಟರು ಕೊಡುವುದಿಲ್ಲ. ನಿನ್ನ ಹಳೆಯ ಲೆಟರ್‌ಹೆಡ್ಡಿನಲ್ಲಿ ಮೂರೂವರೆ ವರ್ಷ, ಆರೋಗ್ಯವಂತ ಎಂದು ಎರಡು ಸಾಲು ಬರೆದುಕೊಡು. ನಿನಗೆ ಹೊಸತೇನಲ್ಲವಲ್ಲ. ಹಿಂದೆ ಆ ಗಾಡಿ ಓಟದ ಕುದುರೆಗೆ ಬರೆದುಕೊಟ್ಟದ್ದನ್ನು ನನಗೊಬ್ಬನಿಗೇ ಹೇಳಿದ್ದೆ. ಮೂವತ್ತು ವರ್ಷ ನಾನು ಅದನ್ನು ಯಾರ ಹತ್ತಿರವೂ ಎತ್ತಲಿಲ್ಲ. ಚಂಪಾಳಿಗೂ ಗೊತ್ತಿಲ್ಲ.

ಕೋಪ ಮಾಡಿಕೊಳ್ಳಬೇಡ.

ವಸಂತ


ಧಾರವಾಡ
10 ಅಕ್ಟೋಬರ್ 2024

ವಸಂತ,

ಎತ್ತಬೇಕಾಗಿತ್ತು. ಮೂವತ್ತು ವರ್ಷದ ಹಿಂದೆಯೇ ಎತ್ತಿ ನನ್ನ ಮುಖಕ್ಕೆ ಹಿಡಿಯಬೇಕಾಗಿತ್ತು.

ನಿನಗೆ ಹೇಳಿದ್ದು ಅರ್ಧ. ಉಳಿದರ್ಧ ಈಗ ಕೇಳು. ನಾನು ಕೆಲಸದಲ್ಲಿದ್ದ ತಾಲೂಕಿನಲ್ಲಿ ಒಬ್ಬ ದೊಡ್ಡ ಮನುಷ್ಯನಿದ್ದ, ನನ್ನ ಮೇಲಧಿಕಾರಿಗೆ ಬೇಕಾದವನು. ಅವನ ಕುದುರೆಯ ಬಾಯಿ ತೆರೆದು ನೋಡಿದೆ. ಹಾಲುಹಲ್ಲು ಬಿದ್ದಿರಲಿಲ್ಲ, ಎರಡು ವರ್ಷ ತುಂಬಿತ್ತೋ ಇಲ್ಲವೋ. ಮಂಡಿ ಊದಿತ್ತು, ನಿನ್ನ ಬೆಳ್ಳಿಯ ಹಾಗೆಯೇ. ನಾಲ್ಕು ವರ್ಷ, ಓಟಕ್ಕೆ ಯೋಗ್ಯ ಎಂದು ಬರೆದು ಸಹಿ ಹಾಕಿದೆ. ವರ್ಗಾವಣೆಯ ಹೆದರಿಕೆ ಎಂದು ನಿನಗೆ ಹೇಳಿದ್ದೆ. ಹೆದರಿಕೆ ಇತ್ತು, ನಿಜ. ಆದರೆ ಅವನು "ಡಾಕ್ಟರಮ್ಮ" ಎಂದು ಎದ್ದು ನಿಂತು ಕುರ್ಚಿ ಕೊಟ್ಟದ್ದು ನನಗೆ ಹಿತವಾಗಿತ್ತು. ಅದನ್ನು ನಿನಗೆ ಹೇಳಲಿಲ್ಲ.

ಓಟದಲ್ಲಿ ಆ ಕುದುರೆ ಎರಡನೆಯದಾಗಿ ಬಂತು. ಗೆರೆ ದಾಟಿದ ಮೇಲೆ ಮುಂಗಾಲು ಮುರಿಯಿತು. ಒಣ ಸೌದೆ ಮುರಿದ ಹಾಗೆ ಸದ್ದು, ಆಗ ನನಗೆ ಕಿವಿ ಚೆನ್ನಾಗಿ ಕೇಳುತ್ತಿತ್ತು. ಅದಕ್ಕೆ ಮಾಡಬೇಕಾದ ಕೊನೆಯ ಸೂಜಿಯನ್ನೂ ನಾನೇ ಹಾಕಿದೆ. ಆಮೇಲೆ ಕೈ ತೊಳೆದು ಅವರ ಮನೆಯಲ್ಲಿ ಊಟಕ್ಕೆ ಕೂತೆ. ಹೋಳಿಗೆ ಮಾಡಿದ್ದರು. ಎರಡು ತಿಂದೆ, ವಸಂತ. ತುಪ್ಪ ಹಾಕಿಸಿಕೊಂಡು ತಿಂದೆ. ಈ ಮೂವತ್ತು ವರ್ಷ ನಾನು ಹೋಳಿಗೆ ಮುಟ್ಟದಿರುವುದು ಸಕ್ಕರೆ ಕಾಯಿಲೆಗೆ ಎಂದು ನೀವೆಲ್ಲ ತಿಳಿದಿದ್ದೀರಿ. ನನಗೆ ಸಕ್ಕರೆ ಕಾಯಿಲೆ ಇಲ್ಲ.

ಬೇಕಾದರೆ ಚಂಪಾಳಿಗೆ ಹೇಳು, ಬೀಗರಿಗೆ ಹೇಳು, ಆಮಂತ್ರಣದ ಹಿಂದೆ ಅಚ್ಚು ಹಾಕಿಸು.

ಕಾಗದ ಕೇಳಿದ್ದೆಯಲ್ಲ. ಲೆಟರ್‌ಹೆಡ್ಡು ಒಂದೇ ಹಾಳೆ ಉಳಿದಿತ್ತು. ಬರೆದು ಇದರೊಳಗೆ ಇಟ್ಟಿದ್ದೇನೆ:

"ಈ ಮೂಲಕ ದೃಢೀಕರಿಸುವುದೇನೆಂದರೆ, ಠಾಣೆಯ ಮಾಜಿವಾಡಾದ ಸುಜನ, ಬಿನ್ ವಸಂತಕುಮಾರ, ವಯಸ್ಸು ಇಪ್ಪತ್ತೊಂಬತ್ತು, ಗಂಡು, ಪೂರ್ತಿ ಬೆಳೆದಿರುತ್ತಾನೆ. ಎರಡೂ ಕಾಲುಗಳು ನೆಟ್ಟಗಿವೆ. ಮಂಡಿಗಳಲ್ಲಿ ಊತವಿಲ್ಲ. ನಾನೂರು ಮೀಟರ್ ದೂರ ನಡೆಯಲು ಎಲ್ಲ ವಿಧದಲ್ಲಿಯೂ ಯೋಗ್ಯನಾಗಿದ್ದಾನೆ. ಸಹಿ, ಡಾ. ನಳಿನಾಕ್ಷಿ, ನಿವೃತ್ತ ಪಶುವೈದ್ಯಾಧಿಕಾರಿ."

ಮೊಹರು ಕೂಡ ಒತ್ತಿದ್ದೇನೆ. ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಮದುವೆಗೆ ನಾನು ಬರುವುದಿಲ್ಲ.

ನಳಿನಾಕ್ಷಿ


ಮಾಜಿವಾಡಾ
11 ಡಿಸೆಂಬರ್ 2024

ಅಕ್ಕ,

ಎರಡು ತಿಂಗಳು ಬರೆಯಲಿಲ್ಲ. ನಿನ್ನ ಸರ್ಟಿಫಿಕೇಟು ಓದಿ ಮೈ ಉರಿದಿತ್ತು. ಹರಿಯಲು ಹೋದೆ, ಚಂಪಾ ಕೈಯಿಂದ ಕಸಿದುಕೊಂಡಳು. "ಇದ್ರಲ್ಲಿ ತಪ್ಪೇನುಂಟು ಮಾರಾಯ್ರೆ? ಅವ ನಡ್ಕೊಂಡು ಬರ್ಲಿ" ಎಂದಳು. ಅವಳ ಮಾತನ್ನೂ ಕೇಳಲಿಲ್ಲ.

ನನಗೆ ಬೇಕಾದ ಕಾಗದ ಬೇರೆ ಕಡೆ ಸಿಕ್ಕಿತು. ಕೊಟ್ಟವನು ಬೆಳ್ಳಿಯ ಮುಖವನ್ನೂ ನೋಡಲಿಲ್ಲ. ನಮ್ಮ ಹೋಟೆಲಿನಲ್ಲೇ ಕೂತು ಬರೆದ, ಕೈಗೆ ಅಂಟಿದ್ದ ಚಟ್ನಿ ಕಾಗದದ ಮೂಲೆಗೂ ಅಂಟಿತು.

ಐದನೆಯ ತಾರೀಖು ಬೆಳಗ್ಗೆ ನಾನೇ ಶಹಾಡ್‌ಗೆ ಹೋದೆ. ಬೆಳ್ಳಿ ಎಡಗಾಲು ಊರುತ್ತಿರಲಿಲ್ಲ. ನೋವಿನ ಇಂಜೆಕ್ಷನ್ ಕೊಡುವವನನ್ನು ಜೊತೆಗೇ ಕರೆದುಕೊಂಡು ಹೋಗಿದ್ದೆ. ಶಂಕ್ರೆಪ್ಪ ಹಗ್ಗ ಕೈಗೆ ಸುತ್ತಿಕೊಂಡು ಬಾಗಿಲಿಗೆ ಅಡ್ಡ ನಿಂತ. "ಧಣ್ಯಾರ, ನೋವು ಹೋಗಂಗಿಲ್ರಿ, ನೋವಿನ ಬಾಯಿ ಮುಚ್ತೈತಿ ಅಷ್ಟ" ಎಂದ. ನಾನು ಅವನನ್ನು ಪಕ್ಕಕ್ಕೆ ತಳ್ಳಿದೆ. ಅರ್ಧ ಗಂಟೆಯಲ್ಲಿ ಅವಳು ನೆಟ್ಟಗೆ ನಡೆದಳು. ನನಗೆ ಖುಷಿಯಾಯಿತು, ಅಕ್ಕ. ಅದನ್ನೂ ಬರೆಯುತ್ತೇನೆ, ಖುಷಿಯಾಯಿತು. ಶಂಕ್ರೆಪ್ಪ ಬರುವುದಿಲ್ಲ ಎಂದಿದ್ದವನು, ಅವನಿಲ್ಲದೆ ಅವಳು ಬೆದರುತ್ತಾಳೆಂದು ಟೆಂಪೋ ಹತ್ತಿದ.

ಮಧ್ಯಾಹ್ನ ಹೈವೇಯ ತಿರುವಿನಲ್ಲಿ ಸುಜನ ಹತ್ತಿದ. ಬ್ಯಾಂಡು, ಡೋಲು, ಪಟಾಕಿ. ಡೋಲು ಶುರುವಾದದ್ದೇ ಬೆಳ್ಳಿ ಕಲಿಸಿದ ಹಾಗೆ ಕಾಲೆತ್ತಿ ಕುಣಿದಳು, ಬೆನ್ನ ಮೇಲೆ ತೊಂಬತ್ತೆರಡು ಕಿಲೋ ಹೊತ್ತುಕೊಂಡು, ಡಾಂಬರಿನ ಮೇಲೆ. ಎಲ್ಲರೂ ಮೊಬೈಲು ಎತ್ತಿದರು. ಹಾಲ್‌ನ ಬಾಗಿಲಿಗೆ ಇಪ್ಪತ್ತು ಹೆಜ್ಜೆ ಇರುವಾಗ, ಎದುರಿಗೆ ಆರತಿ ತಟ್ಟೆ ಹಿಡಿದು ಹೆಣ್ಣಿನ ಕಡೆಯವರು ನಿಂತಿರುವಾಗ, ಅವಳ ಎರಡೂ ಮುಂಗಾಲು ಮಡಚಿ ಮಂಡಿಯೂರಿ ಬಿದ್ದಳು.

ಜನ ಚಪ್ಪಾಳೆ ತಟ್ಟಿದರು.

ಬೀಗರಿಗೆ ಸಲಾಮು ಹೊಡೆಯಲು ಕಲಿಸಿದ್ದಾರೆ ಎಂದುಕೊಂಡರು. ಯಾರೋ "ವನ್ಸ್ ಮೋರ್" ಎಂದು ಕೂಗಿದರು. ಡೋಲಿನವನು ಇನ್ನೂ ಜೋರಾಗಿ ಬಾರಿಸಿದ. ಅವಳು ಬಿದ್ದಲ್ಲೇ, ತಾಳಕ್ಕೆ ಸರಿಯಾಗಿ ಏಳಲು ನೋಡಿದಳು, ಮತ್ತೆ ಬಿದ್ದಳು. ನನಗೆ ಗೊತ್ತಿತ್ತು. ಸಲಾಮು ಕಲಿಸಿಲ್ಲ ಎಂದು ಅಲ್ಲಿ ಗೊತ್ತಿದ್ದದ್ದು ನನಗೂ ಶಂಕ್ರೆಪ್ಪನಿಗೂ. ಅವನು ಓಡಿಹೋಗಿ ಅವಳ ಕುತ್ತಿಗೆ ತಬ್ಬಿಕೊಂಡ. ನಾನು ಬೀಗರ ಮುಖ ನೋಡಿದೆ, ಅವರು ನಗುತ್ತಿದ್ದರು. ನಾನೂ ಚಪ್ಪಾಳೆ ತಟ್ಟಿದೆ.

ನಿಲ್ಲಿಸಿದ್ದು ಅನುಷ್ಕಾ. ಮದುಮಗಳು ಆರತಿಯವರನ್ನು ಸರಿಸಿ ಬಂದು, "ಅಹೋ, ತಿಚ್ಯಾ ಗುಡಘ್ಯಾತೂನ್ ರಕ್ತ ಯೇತಂಯ್!" ಎಂದು ಚೀರಿದಳು. ಮಂಡಿಯಿಂದ ರಕ್ತ ಬರುತ್ತಿದೆ ಎಂದು. ಆಗ ಸುಜನ ಇಳಿದ. ಅವನ ಮುಖ ಬೆಳ್ಳಗಾಗಿತ್ತು. ಉಳಿದ ಇಪ್ಪತ್ತು ಹೆಜ್ಜೆ ನಡೆದುಕೊಂಡೇ ಬಂದ. ಚಂಪಾ ನನ್ನ ಪಕ್ಕದಲ್ಲಿದ್ದವಳು ಮೆಲ್ಲಗೆ, "ಯೋಗ್ಯ ಇದ್ದಾನೆ ನೋಡಿ" ಎಂದಳು. ಈ ಆರು ದಿನದಲ್ಲಿ ಅವಳು ನನ್ನ ಜೊತೆ ಆಡಿದ ಕೊನೆಯ ಮಾತು ಅದು.

ಬೆಳ್ಳಿ ಬದುಕಿದ್ದಾಳೆ. ಮೊದಲಿನ ಡಾಕ್ಟರೇ ಬಂದು ನೋಡಿದರು. ಎಡಮಂಡಿಯ ಆ ಪದರ ಜಜ್ಜಿಹೋಗಿದೆ, ಕಾಲು ಸೊಟ್ಟಗೇ ಉಳಿಯುತ್ತದೆ ಎಂದರು. ಬೀಗರ ಗ್ರೂಪಿನಲ್ಲಿ ಆ ವೀಡಿಯೋ ಇನ್ನೂ ಸುತ್ತುತ್ತಿದೆ, ಅದರಲ್ಲಿ ನನ್ನ ಚಪ್ಪಾಳೆಯೂ ಇದೆ. ಕನ್ನಡಿ ನೋಡಲು ಹೇಸಿಗೆಯಾಗುತ್ತದೆ.

ಒಂದು ಮಾತು ಹೇಳಿಯೇ ಮುಗಿಸುತ್ತೇನೆ. ನೀನು ಎಲ್ಲ ತಿಳಿದವಳು. ಮೇ ತಿಂಗಳಿನಿಂದ ತಿಳಿದಿದ್ದೆ. ಧಾರವಾಡದಿಂದ ಇಲ್ಲಿಗೆ ಒಂದು ಬಸ್ಸು. ನೀನು ಬರೆದೆ, ಬರಲಿಲ್ಲ.

ವಸಂತ


ಧಾರವಾಡ
17 ಡಿಸೆಂಬರ್ 2024

ವಸಂತ,

ನಿನ್ನ ಪತ್ರವನ್ನು ಪೂರ್ತಿ ಓದಲು ಎರಡು ದಿನ ಬೇಕಾಯಿತು. ಚಪ್ಪಾಳೆಯ ಸಾಲಿಗೆ ಬಂದಾಗ ಮಡಚಿಟ್ಟೆ.

ಕೊನೆಯ ಮಾತು ನಿಜ. ಬರೆದರೆ ನನ್ನ ಕೈ ಚೊಕ್ಕವಾಗುತ್ತದೆ ಎಂದುಕೊಂಡಿದ್ದೆ. ನಿನ್ನನ್ನು ಬೈಯುವುದರಲ್ಲಿ ನನಗೊಂದು ರುಚಿ ಸಿಕ್ಕಿತ್ತು. ಶಂಕ್ರೆಪ್ಪನ ಕಾರ್ಡು ಬಂದ ದಿನವೇ ಹೊರಡಬೇಕಿತ್ತು. ಅದರ ಬದಲು ಚಂದದ ಸರ್ಟಿಫಿಕೇಟು ಬರೆಯುತ್ತ ಕೂತೆ.

ಕ್ಷಮೆ ಗಿಮೆ ನೀನೂ ಕೇಳಬೇಡ, ನಾನೂ ಕೇಳುವುದಿಲ್ಲ. ಯಾರನ್ನು ಕೇಳುವುದು? ಆ ಕೂಸಿಗೆ ಕನ್ನಡ ಬರುವುದಿಲ್ಲ. ಬಸ್ಸಿಗೆ ಸೀಟು ಹಿಡಿದಿದ್ದೇನೆ. ಇಪ್ಪತ್ತೆರಡರ ಭಾನುವಾರ ಬೆಳಗ್ಗೆ ಕಲ್ಯಾಣದಲ್ಲಿ ಇಳಿಯುತ್ತೇನೆ. ಮನೆಗೆ ಬರುವುದಿಲ್ಲ, ನೇರ ಶಹಾಡ್‌ಗೆ. ಸಿಮೆಂಟಿನ ಮೇಲೆ ಒಂದು ಲೋಡು ಮಣ್ಣು ಹಾಕಿಸಿರು. ಕಾರಿನಲ್ಲಿರುವ ಟೇಪು ತಾ.

ನಳಿನಾಕ್ಷಿ


ಶಹಾಡ್
9 ಫೆಬ್ರವರಿ 2025

ಅಕ್ಕನಿಗೆ,

ನೀನು ಹೋಗಿ ಮೂರು ವಾರವಾಯಿತು. ಕಲಿಸಿದ ಹಾಗೆಯೇ ನಡೆಯುತ್ತಿದೆ. ಹುರುಳಿ ದಿನಕ್ಕೆ ಅರ್ಧ ಕಿಲೋ, ತೂಗಿ ಹಾಕುತ್ತೇವೆ. ಬೂಸಾದ ಡ್ರಮ್ಮನ್ನೇ ಹೊರಗೆ ಹಾಕಿದೆ. ನಿನ್ನೆ ಗೊರಸು ಕೊರೆಸಿದೆ, ಹೊರಬದಿ ನೀನು ಹೇಳಿದಷ್ಟೇ ತೆಗೆಸಿದೆ. ಸುಜನನೂ ಅನುಷ್ಕಾಳೂ ಹೋದ ವಾರ ಬಂದಿದ್ದರು. ಸುಜನ ಒಳಗೆ ಬರದೆ ಬಾಗಿಲಲ್ಲೇ ನಿಂತಿದ್ದ.

ಅಳತೆ ಇಗೋ. ಜನವರಿ 26: ಎದೆ 154, ಎಡಮಂಡಿ 34, ಬಲಮಂಡಿ 31. ಫೆಬ್ರವರಿ 2: ಎದೆ 154, ಎಡ 34, ಬಲ 30 ಮುಕ್ಕಾಲು. ಇವತ್ತು: ಎದೆ 155, ಎಡ 34, ಬಲ 30 ಅರ್ಧ. ಶಂಕ್ರೆಪ್ಪ ಟೇಪು ಹಿಡಿದ, ನಾನು ಓದಿದೆ. ಬಲಗಾಲು ಇಳಿಯುತ್ತಿದೆ. ಎಡಗಾಲು ಇಳಿದಿಲ್ಲ.

ಒಂದು ವಿಷಯ ನೀನು ಇದ್ದಾಗ ಆಗಿರಲಿಲ್ಲ, ಆಗ ಧನುರ್ಮಾಸ, ಮದುವೆಗಳಿರಲಿಲ್ಲ. ಈಗ ಮತ್ತೆ ಶುರುವಾಗಿವೆ. ಇವತ್ತು ಅಳತೆ ಬರೆದುಕೊಳ್ಳುತ್ತಿರುವಾಗ ಹಿಂದಿನ ರಸ್ತೆಯಲ್ಲಿ ಒಂದು ಬರಾತ್ ಹೋಯಿತು. ಡೋಲು ಕೇಳಿದ್ದೇ ಬೆಳ್ಳಿ ಕಿವಿ ನಿಗುರಿಸಿದಳು. ತಲೆ ಎತ್ತಿದಳು. ಆಮೇಲೆ ಆ ಸೊಟ್ಟ ಎಡಗಾಲನ್ನು ಎತ್ತಿದಳು, ಇಳಿಸಿದಳು, ಎತ್ತಿದಳು, ತಾಳಕ್ಕೆ ಸರಿಯಾಗಿ. ಮೈಯೆಲ್ಲ ನಡುಗುತ್ತಿತ್ತು. ಯಾರೂ ಹೇಳಿರಲಿಲ್ಲ, ಯಾರ ಕೈಯಲ್ಲೂ ಕೋಲಿರಲಿಲ್ಲ. ಶಂಕ್ರೆಪ್ಪ "ಸಾಕವ್ವಾ, ಸಾಕು" ಎಂದು ಅವಳ ಕಿವಿ ಮುಚ್ಚಿದರೂ ನಿಲ್ಲಿಸಲಿಲ್ಲ.

ಮಂಡಿಗೆ ಏನು ಮಾಡಬೇಕೆಂದು ನೀನು ಹೇಳಿಕೊಟ್ಟೆ. ಇದಕ್ಕೆ ಏನು ಮಾಡಬೇಕು, ಬರೆ. ಇವತ್ತು ನನಗೆ ತೋಚಿದ್ದು ಇಷ್ಟೇ: ಮಣ್ಣಿನ ಮೇಲೆ ಕೂತು, ಬ್ಯಾಂಡು ಸ್ಟೇಷನ್ನಿನ ಸೇತುವೆ ದಾಟುವವರೆಗೆ ಆ ಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ.

ವಸಂತ